ಎಡಗೋಡೆಯಲ್ಲಿ ತಪಸ್ಸು, ಬಲಗೋಡೆಯಲ್ಲಿ ಮದುವೆ

ಲಕ್ಷ್ಮೀಪುರಂ, ಮೈಸೂರು
ಶ್ರಾವಣದ ಮೂರನೆಯ ಸೋಮವಾರ, ೨೦೦೭

ಮಾನ್ಯ ಎಡಗೋಡೆಯ ಪರದೆಯವರೇ, ಮಾನ್ಯ ಬಲಗೋಡೆಯ ಪರದೆಯವರೇ,

ತಮ್ಮಿಬ್ಬರಿಗೂ ಶರಣು ಶರಣಾರ್ಥಿ. ಇವತ್ತು ನನಗೆ ಒಪ್ಪತ್ತು. ಬಾಗಿಲಿಗೆ ನೀರು ಹಾಕಿ, ರಂಗೋಲಿ ಬಿಟ್ಟು, ಲಿಂಗಪೂಜೆ ಮುಗಿಸಿ, ಒಂದು ಲೋಟ ಹಾಲು ಕುಡಿದು ಬರೆಯಲು ಕೂತಿದ್ದೇನೆ. ಹಸಿದವಳ ಮಾತು ತುಸು ಚುರುಕಾಗಿದ್ದರೆ ದೊಡ್ಡ ಮನಸ್ಸು ಮಾಡಿ.

ನಮ್ಮ ಮಠದ ಹಜಾರದಲ್ಲಿ ಹತ್ತೊಂಬತ್ತು ವರ್ಷ ಶ್ರಾವಣದ ಪುರಾಣವನ್ನು ಗಟ್ಟಿಯಾಗಿ ಓದಿದವಳು ನಾನು. ಹಳ್ಳಿ ಶಾಲೆಯ ಏಳನೇ ಕ್ಲಾಸಿನ ಓದಾದರೂ ಗಂಟಲು ಒಂದು ದಿನವೂ ಕೈಕೊಟ್ಟಿಲ್ಲ. ಈ ವರ್ಷ ಕಾರ್ಯದರ್ಶಿ ಷಡಕ್ಷರಿಯವರು ಪುರಾಣವನ್ನು ಕಂಪ್ಯೂಟರಿಗೆ ಇಳಿಸಿ, ಹೆಂಗಸರ ಕಡೆ ಒಬ್ಬರು, ಗಂಡಸರ ಕಡೆ ಒಬ್ಬರು ಎಂದು ತಮ್ಮನ್ನು ಗೋಡೆಗೆ ಏರಿಸಿ, ಇನ್ನು ಎಲ್ಲರೂ ಮನಸ್ಸಿನಲ್ಲೇ ಓದಿಕೊಳ್ಳಲಿ ಎಂದು ನನಗೊಂದು ಕುರ್ಚಿ ಹಾಕಿಸಿ ಕೂರಿಸಿದರು. ಎರಡೆರಡು ನಿಮಿಷಕ್ಕೆ ತಮ್ಮ ಪುಟ ತಾನೇ ತಿರುಗುವುದರಿಂದ ಬೆರಳಿಗೆ ಎಂಜಲು ಹಚ್ಚುವ ಪಾಪವೂ ನನಗೆ ತಪ್ಪಿತು.

ನಮ್ಮ ಕನ್ನಡಕಗಳ ಮೇಲೆ ಕರುಣೆಯಿಟ್ಟು ಎಡಗೋಡೆಯವರ ಅಕ್ಷರವನ್ನು ಕುಂಬಳಕಾಯಿ ಗಾತ್ರಕ್ಕೆ ಹಿಗ್ಗಿಸಿದ್ದಾರೆ. ಹಾಗಾಗಿ ಗಂಡಸರಿಗೆ ಪುಟಕ್ಕೆ ಇಪ್ಪತ್ತು ಸಾಲು, ನಮಗೆ ಎಂಟು. ತಾವಿಬ್ಬರೋ ಒಂದೇ ಗಳಿಗೆಗೆ ಒಟ್ಟಿಗೆ ಪುಟ ತಿರುಗಿಸುವ ಶಿಸ್ತಿನವರು. ಹೋದ ಸೋಮವಾರ ಬಲಗೋಡೆಯಲ್ಲಿ ಶಿವನ ಮದುವೆ ಮುಗಿದು, ಗಂಡಸರು ಅಕ್ಷತೆ ಹಾಕಿ, ಪ್ರಸಾದಕ್ಕೆ ಕೂತು, ಎಲೆಯಲ್ಲಿ ಪಾಯಸ ಬಳಿಯುವಾಗ, ಎಡಗೋಡೆಯಲ್ಲಿ ಪಾರ್ವತಿ ಇನ್ನೂ ಒಂಟಿಕಾಲಲ್ಲಿ ತಪಸ್ಸು ಮಾಡುತ್ತಿದ್ದಳು. ಅಷ್ಟರಲ್ಲಿ ಷಡಕ್ಷರಿಯವರು ಹೊತ್ತಾಯಿತೆಂದು ಸ್ವಿಚ್ ಆರಿಸಿದರು. ತಾಯಿ ಕತ್ತಲಲ್ಲೇ ನಿಂತಳು. ಮದುಮಗಳನ್ನು ಬಿಟ್ಟು ಮದುವೆಯೂಟ ಉಂಡ ಕೀರ್ತಿ ತಮ್ಮಿಂದಲೇ ನಮ್ಮ ಮಠಕ್ಕೆ ಬಂತು.

ಅಷ್ಟಕ್ಕೇ ಆಗಿದ್ದರೆ ಕಾಗದ ಬರೆಯುತ್ತಿರಲಿಲ್ಲ. ನನ್ನ ಪಕ್ಕ ಕೂರುವ ಪುಟ್ಟತಾಯಮ್ಮನವರಿಗೆ ಎಂಬತ್ತೊಂದು. ಅವರಿಗೆ ಓದು ಬಾರದು. ಅಕ್ಷರವನ್ನು ಚಾಮುಂಡಿ ಬೆಟ್ಟದಷ್ಟು ಮಾಡಿದರೂ ಬಾರದು. ಕೈಯಲ್ಲಿ ಅಕ್ಷತೆ ಹಿಡಿದುಕೊಂಡೇ, "ಮದ್ವೆ ಆಗೋಯ್ತೇನಮ್ಮ? ನಂಗ್ಯಾರೂ ಯೋಳ್ಲೇ ಇಲ್ವಲ್ಲ" ಅಂದರು. ಯಾವ ಗೋಡೆಯ ಉತ್ತರ ಕೊಡಲಿ ಸ್ವಾಮಿ? ಒಂದು ಶ್ರಾವಣವೂ ಆ ಮದುವೆ ತಪ್ಪಿಸದ ಮುದುಕಿ ಅಕ್ಷತೆಯನ್ನು ಸೆರಗಿಗೆ ಕಟ್ಟಿಕೊಂಡು ಮನೆಗೆ ಹೋದರು.

ಆದ್ದರಿಂದ ತಾವಿಬ್ಬರೂ ದಯಮಾಡಿ ಗೋಡೆ ಇಳಿದು, ಕೈಕಾಲು ತೊಳೆದು, ಮಾತಾಡಿಕೊಂಡು ಒಂದೇ ಮುಹೂರ್ತ ಗೊತ್ತುಮಾಡಬೇಕು. ಅದು ಕಷ್ಟವಾದರೆ, ಇವತ್ತು ಸಂಜೆ ಮದುವೆಯ ಅಧ್ಯಾಯವನ್ನು ಪುಟ್ಟತಾಯಮ್ಮನವರಿಗೆ ಕೇಳುವಂತೆ ನಾನು ಓದುವಾಗ ತಾವು ಅರ್ಧ ಗಂಟೆ ಕಣ್ಣು ಮುಚ್ಚಿಕೊಂಡಿರಬೇಕು, ಪುರಾಣದ ಪುಸ್ತಕವಿರುವ ಬೀರುವಿನ ಬೀಗದ ಕೈಯನ್ನೂ ಕೊಡಿಸಬೇಕು. ತಮಗೆ ನಡೆದು ಅಭ್ಯಾಸವಿಲ್ಲದ್ದರಿಂದ ಉತ್ತರವನ್ನು ಮಧ್ಯಾಹ್ನದೊಳಗೆ ಷಡಕ್ಷರಿಯವರೇ ನಮ್ಮ ಮನೆಗೆ ತಂದುಕೊಡಲಿ.

ಎರಡು ಗೋಡೆಗಳ ನಡುವೆ ಕೂತಿರುವ ತಮ್ಮ ವಿಶ್ವಾಸಿ,
ಪ್ರೇಮಲೀಲಾ

ವಿ.ಸೂ.: ಬೀಗದ ಕೈ ಸಿಗದಿದ್ದರೆ ಚಿಂತೆಯಿಲ್ಲ, ಆ ಅಧ್ಯಾಯ ನನಗೆ ಬಾಯಿಗೇ ಬರುತ್ತದೆ, ಪುಟ್ಟತಾಯಮ್ಮನವರ ಜಗಲಿಯಲ್ಲಿ ಕೂತು ಹೇಳುತ್ತೇನೆ. ಪಾಯಸ ಮಾಡುವವರು ಹೆಂಗಸರಾದ್ದರಿಂದ ಪಾಯಸವೂ ಅಲ್ಲೇ ಇರುತ್ತದೆ. ಬಲಗೋಡೆಯವರು ಇದನ್ನು ಗಂಡಸರಿಗೆ ಇಪ್ಪತ್ತು ಸಾಲಿನಲ್ಲಿ ತಿಳಿಸಬಹುದು.