ಹಳೆಯ ಹೆಸರಿನ ಬಾಲಕ್ಕೆ ಹೊಸ ಹೆಸರು

ಚಿತ್ರ ಬಿಡಿಸಲು ಬಾರದವನೂ ಚಿತ್ರ ಬಿಡಿಸಿ ಸಂಬಳ ಪಡೆಯಬಹುದು ಎಂಬುದಕ್ಕೆ ನಾನೇ ಸಾಕ್ಷಿ. ಶಾಲೆಯಲ್ಲಿ ನನ್ನ ಆನೆಯ ಕೆಳಗೆ ‘ಆನೆ’ ಎಂದು ಬರೆಸಿದ ಮೇಲೆಯೇ ಮೇಷ್ಟ್ರು ಅಂಕ ಕೊಡುತ್ತಿದ್ದರು. ಅಂಥವನು ಎರಡು ಸಾವಿರದ ಇಸವಿಯ ಆಚೀಚೆ ಕೃಷ್ಣರಾಜಪುರದ ಪಂಪ್ ಮೋಟಾರ್ ಕಾರ್ಖಾನೆಯೊಂದರಲ್ಲಿ ಪರೀಕ್ಷಾ ವಿಭಾಗದ ಎಂಜಿನಿಯರಾದೆ. ಅಲ್ಲಿ ಪ್ರೋಗ್ರಾಮ್ ಬರೆಯುವುದೆಂದರೆ ಪರದೆಯ ಮೇಲೆ ಚೌಕಗಳನ್ನಿಟ್ಟು ಒಂದರಿಂದೊಂದಕ್ಕೆ ಬಣ್ಣದ ತಂತಿ ಎಳೆಯುವುದು. ಇದನ್ನು ಕೇಳಿದ ಹೆಂಡತಿ, ನಾನು ಆಫೀಸಿನಲ್ಲಿ ರಂಗೋಲಿ ಹಾಕುತ್ತೇನೆ ಎಂದು ತೀರ್ಮಾನಿಸಿಬಿಟ್ಟಳು. ನಾನು ಬಹಳ ವಾದಿಸಲು ಹೋಗಲಿಲ್ಲ.

ಒಂದು ಶನಿವಾರ ಇಪ್ಪತ್ತು ಮೋಟಾರುಗಳ ಪರೀಕ್ಷೆ ಮುಗಿಯಬೇಕಿತ್ತು; ಸೋಮವಾರ ಅವು ಲಾರಿ ಹತ್ತುವುದಿತ್ತು. ಮೋಟಾರನ್ನು ಪರೀಕ್ಷೆಯ ಮೇಜಿಗೆ ಎತ್ತಿಟ್ಟು ವೈರು ಕೊಡುತ್ತಿದ್ದವರು ಹಲಸೂರಿನ ಸೆಲ್ವಿಯಕ್ಕ, ಕಾರ್ಖಾನೆಯ ವೈರಿಂಗಿನಲ್ಲಿ ಪಳಗಿದ ಹಳೆಯ ಕೈ. ಮೂರು ಗಂಟೆಗೆ ಮಗಳ ನಿಶ್ಚಿತಾರ್ಥದ ಸೀರೆಗೆ ಕಮರ್ಷಿಯಲ್ ಸ್ಟ್ರೀಟಿಗೆ ಹೋಗಬೇಕೆಂದು ಬೆಳಗ್ಗೆ ಬೇಗ ಬಂದು ಮಧ್ಯಾಹ್ನದೊಳಗೆ ಎಲ್ಲ ಮುಗಿಸಿದ್ದರು. ನಾನು ಫೋಲ್ಡರ್ ತೆರೆದರೆ ಅಲ್ಲಿದ್ದದ್ದು ಒಂದೇ ಫೈಲು, ಇಪ್ಪತ್ತನೆಯ ಮೋಟಾರಿನದು. ಆ ವಾರವಷ್ಟೇ ಬರೆದಿದ್ದ ನನ್ನ ರಂಗೋಲಿ ಪ್ರತಿ ಮೋಟಾರನ್ನೂ ಒಂದೇ ಹೆಸರಿನಲ್ಲಿ ಬರೆದು ಹಿಂದಿನದನ್ನು ಅಳಿಸುತ್ತ ಬಂದಿತ್ತು. ಎಲ್ಲವನ್ನೂ ಮತ್ತೆ ಮಾಡಬೇಕು ಎಂದು ಹೇಳುವಾಗ ನನಗೆ ಅವರ ಮುಖ ನೋಡುವ ಧೈರ್ಯವಿರಲಿಲ್ಲ.

ಆಗಬೇಕಾದದ್ದು ಸಣ್ಣ ಕೆಲಸ. ಫೈಲಿನ ವಿಳಾಸದಲ್ಲಿ ಫೋಲ್ಡರಿನ ದಾರಿಯನ್ನು ಹಾಗೇ ಬಿಟ್ಟು, ಕೊನೆಯಲ್ಲಿರುವ ಫೈಲಿನ ಹೆಸರಷ್ಟೇ ಪ್ರತಿ ಮೋಟಾರಿಗೂ ಬದಲಾಗಬೇಕು. ಹೆಸರು ಸೇರಿಸುವ ಚೌಕ ಸಿಕ್ಕಿತು, ಮೋಟಾರಿನ ನಂಬರನ್ನು ಅದಕ್ಕೆ ಜೋಡಿಸಿದೆ. ಅಂಥ ಫೋಲ್ಡರೇ ಇಲ್ಲ ಎಂದಿತು ಕಂಪ್ಯೂಟರು. ಹಳೆಯ ಹೆಸರಿನ ಬಾಲಕ್ಕೆ ಹೊಸ ಹೆಸರು ಅಂಟಿಕೊಂಡು, ಅದು ಹಳೆಯ ಫೈಲನ್ನೇ ಫೋಲ್ಡರೆಂದು ತಿಳಿದು ಹುಡುಕುತ್ತಿತ್ತು. ನಾನು ಅದೇ ಚೌಕವನ್ನು ನಾಲ್ಕು ಸಲ ತೆಗೆದು ನಾಲ್ಕು ಸಲ ಅಲ್ಲೇ ಇಟ್ಟೆ. ಸೆಲ್ವಿಯಕ್ಕ ಬೈಯಲಿಲ್ಲ, ಬೈದಿದ್ದರೆ ವಾಸಿಯಿತ್ತು. ಹಿಂದೆ ನಿಂತು, ಹಳೆಯ ಹೆಸರು ಯಾವ ತುದಿಯಲ್ಲಿದೆ ಎಂದು ಕೇಳಿದರು. ತೋರಿಸಿದೆ.

“ವೈರಿನ ತುದೀಲಿರೋ ಹಳೇ ಲಗ್ ಕಟ್ ಮಾಡ್ದೆ ಅದ್ರ ಮೇಲೇ ಹೊಸ್ದು ಹಾಕ್ತಿದೀರಲ್ಲ ಸಾರ್, ಹೆಂಗೆ ಕೂರುತ್ತೆ?”

ಲಗ್ ಎಂದರೆ ವೈರಿನ ತುದಿಗೆ ಒತ್ತಿ ಕೂರಿಸುವ ಲೋಹದ ಕೊಂಡಿ. ನೋಡಿದರೆ, ಸೇರಿಸುವ ಚೌಕದ ಪಕ್ಕದಲ್ಲೇ, ದಾರಿಯ ಕೊನೆಯ ಹೆಸರನ್ನು ಕತ್ತರಿಸುವ ಚೌಕವೂ ಇತ್ತು. ಆರು ತಿಂಗಳಿಂದ ಅದನ್ನು ನೋಡುತ್ತಿದ್ದೆ, ಮುಟ್ಟಿರಲಿಲ್ಲ. ಮೊದಲು ಅದನ್ನಿಟ್ಟೆ, ಆಮೇಲೆ ಸೇರಿಸುವುದನ್ನು. ಒಂದನೇ ಮೋಟಾರಿಗೆ ಒಂದು ಫೈಲು ಬಂತು, ಎರಡನೆಯದಕ್ಕೆ ಇನ್ನೊಂದು. ಇಬ್ಬರೂ ನಕ್ಕುಬಿಟ್ಟೆವು. ಆ ಖುಷಿಯಲ್ಲೇ ಅವರನ್ನು ಕಳಿಸಿ, ಉಳಿದ ಹದಿನೆಂಟನ್ನು ನಾನೇ ಎತ್ತಿಟ್ಟು, ವೈರು ಕೊಟ್ಟು, ಇಳಿಸಿದೆ. ನನಗೊಂದು ಸೊಂಟವಿದೆಯೆಂದು ಅಂದು ಗೊತ್ತಾಯಿತು.

ಸೋಮವಾರ ಸೆಲ್ವಿಯಕ್ಕ, ಸೀರೆ ಸಿಕ್ಕಿತೆಂದೂ ಮಗಳೇ ಆರಿಸಿದಳೆಂದೂ ಹೇಳಿದರು. ನನಗೂ ಹಗುರಾಯಿತು. ಆ ಮೋಟಾರುಗಳ ಪರೀಕ್ಷಾ ವರದಿಯಲ್ಲಿ ‘ಸಿದ್ಧಪಡಿಸಿದವರು’ ಎಂಬಲ್ಲಿದ್ದ ನನ್ನ ಹೆಸರನ್ನು ಅಳಿಸಿ, ಅವರ ಹೆಸರು ಹಾಕಿ, ದೊಡ್ಡ ಮನುಷ್ಯನ ಗತ್ತಿನಲ್ಲಿ ಕರೆದು ತೋರಿಸಿದೆ. ಅವರು ನಿಧಾನವಾಗಿ ಓದಿದರು.

“ಸಂತೋಷ ಸಾರ್. ಆದ್ರೆ ಹದಿನೆಂಟು ನೀವೊಬ್ರೇ ಮಾಡಿರೋದು. ನಿಮ್ಮ ಹೆಸ್ರೂ ಹಾಕ್ಬಿಡಿ. ನಾಳೆ ಯಾರಾದ್ರೂ ಕೇಳಿದ್ರೆ ನಾನೊಬ್ಳೇ ಏನಂತ ಹೇಳ್ಲಿ?”

ಅವರ ಹೆಸರಿನ ಪಕ್ಕ ನನ್ನ ಹೆಸರನ್ನು ಟೈಪ್ ಮಾಡಿದೆ. ಸರಿಯಾಗಿದೆಯೇ ಎಂದು ಅವರು ಇನ್ನೊಮ್ಮೆ ನೋಡಿದರು.