ಅಸಲಿ ಪ್ಲೇಟು, ನಕಲಿ ಬಿರುಕು

ದೊಡ್ಡಬಳ್ಳಾಪುರ ತಾಲ್ಲೂಕಿನ ಕೋಡಿಪಾಳ್ಯ ಟೌನ್ ಪಂಚಾಯ್ತಿಯ ಛತ್ರದಲ್ಲಿ ಮದುವೆಗಳು ಒಂದು ಬಿರುಕಿನ ಆಧಾರದ ಮೇಲೆ ನಡೆಯುತ್ತಿದ್ದವು. ಬಿರುಕು ಗೋಡೆಯದಲ್ಲ. ಗೋಡೆಯಲ್ಲೂ ಇತ್ತು, ಆದರೆ ಮದುವೆಗೂ ಅದಕ್ಕೂ ಸಂಬಂಧವಿರಲಿಲ್ಲ. ಇದು ಪಂಚಾಯ್ತಿಯ ಸ್ವತ್ತಾದ ಒಂದು ಗ್ರಾಮಫೋನ್ ಪ್ಲೇಟಿನಲ್ಲಿದ್ದ ಬಿರುಕು.

ಪ್ಲೇಟು ನಾಗಸ್ವರದ್ದು. ಬಹಳ ಹಿಂದೆ ಛತ್ರಕ್ಕೆ ಓಲಗದವರೇ ಬರುತ್ತಿದ್ದರಂತೆ. ಓಲಗದವರಿಗೆ ಊಟ ಹಾಕಬೇಕಾಗುತ್ತದೆ, ಪ್ಲೇಟಿಗೆ ಹಾಕಬೇಕಾಗಿಲ್ಲ ಎಂಬುದನ್ನು ಕಂಡುಕೊಂಡ ಪಂಚಾಯ್ತಿಯು ಓಲಗದ ಪ್ಲೇಟೊಂದನ್ನು ಖರೀದಿಸಿ ಛತ್ರದ ಜೊತೆಗೆ ಬಾಡಿಗೆಗೆ ಕೊಡತೊಡಗಿತು. ಯಾವುದೋ ಮದುವೆಯಲ್ಲಿ ಬೀಗರ ಕೈಯಿಂದ ಜಾರಿದ ತೆಂಗಿನಕಾಯಿ ಅದರ ಮೇಲೆ ಬಿದ್ದು, ಸರಿಯಾಗಿ ಗಟ್ಟಿಮೇಳ ಬರುವ ಕಡೆ ಬಿರುಕು ಬಿಟ್ಟಿತು. ಅಂದಿನಿಂದ ಮುಳ್ಳು ಅಲ್ಲಿಗೆ ಬಂದರೆ ಸಿಕ್ಕಿಕೊಳ್ಳುವುದು, ಗಟ್ಟಿಮೇಳವನ್ನೇ ಮತ್ತೆ ಮತ್ತೆ ಬಾರಿಸುವುದು. ವರನ ಕೈ ನಡುಗಲಿ, ಕನ್ನಡಕ ಜಾರಲಿ, ತಾಳಿಯ ದಾರ ವಧುವಿನ ಹೂವಿಗೆ ಸುತ್ತಿಕೊಳ್ಳಲಿ, ಗಟ್ಟಿಮೇಳ ಕಾಯುತ್ತಿತ್ತು. ಮೂರನೇ ಗಂಟು ಬಿದ್ದ ಮೇಲೆ ಮೈಕ್ ಸೆಟ್ಟಿನ ಚಿನ್ನಸ್ವಾಮಿ ಮುಳ್ಳನ್ನು ಎತ್ತುತ್ತಿದ್ದ. ಯಾವ ಮನುಷ್ಯ ಓಲಗದವನಿಗೂ ಇಷ್ಟು ತಾಳ್ಮೆ ಇರುವುದಿಲ್ಲ.

ಈ ಅನುಕೂಲವನ್ನು ಗಮನಿಸಿ ಪಂಚಾಯ್ತಿಯು ಒಂದು ನಿಯಮವನ್ನೇ ಮಾಡಿತ್ತು: "ಛತ್ರದಲ್ಲಿ ಜರುಗುವ ಪ್ರತಿಯೊಂದು ವಿವಾಹದಲ್ಲಿಯೂ ಕೊನೆಯ ಗಂಟು ಮುಳ್ಳು ಸಿಕ್ಕಿಕೊಂಡಿರುವಾಗಲೇ ಬೀಳತಕ್ಕದ್ದು. ತಪ್ಪಿದಲ್ಲಿ ಸದರಿ ವಿವಾಹಕ್ಕೆ ಛತ್ರವು ಜವಾಬ್ದಾರಿಯಲ್ಲ." ಛತ್ರ ಜವಾಬ್ದಾರಿಯಲ್ಲದ ಮದುವೆಯನ್ನು ಸುತ್ತಲ ಹಳ್ಳಿಗಳಲ್ಲಿ ಯಾರೂ ಮದುವೆ ಎನ್ನುತ್ತಿರಲಿಲ್ಲ.

ಎಪ್ಪತ್ತೆರಡನೇ ಇಸವಿಯ ಆರಂಭದಲ್ಲಿ, ಶಿವಗಂಗೆಗೆ ಹೋಗಿ ಬರುತ್ತಿದ್ದ ಬೆಂಗಳೂರಿನ ಯಜಮಾನರೊಬ್ಬರು ಎಳನೀರಿಗೆಂದು ಛತ್ರದ ಮುಂದೆ ಕಾರು ನಿಲ್ಲಿಸಿದರು. ಒಳಗೆ ಮದುವೆ ನಡೆಯುತ್ತಿತ್ತು. ಅವರು ಎಳನೀರನ್ನು ಅರ್ಧಕ್ಕೇ ಬಿಟ್ಟು ಒಳಗೆ ಓಡಿದರು. ವಧೂವರರನ್ನು ನೋಡಲಿಲ್ಲ. ನೇರ ಪ್ಲೇಟಿನ ಹತ್ತಿರ ಹೋಗಿ ಕೈಮುಗಿದರು. ಚೇರ್ಮನ್ ಅಪ್ಪಯ್ಯಣ್ಣನವರು ಹತ್ತಿರ ಹೋಗಿ ವಿಚಾರಿಸಿದರು.

"ಇದು ಅಸಲಿ. ಮೊದಲನೇ ಅಚ್ಚು. ಈಗ ಇದನ್ನೇ ಕಂಪನಿಯವರು ಹೊಸದಾಗಿ ಪ್ಲಾಸ್ಟಿಕ್ಕಿನಲ್ಲಿ ಅಚ್ಚು ಹಾಕಿ ಮಾರ್ತಿದಾರೆ. ಆದರೆ ಅದರಲ್ಲಿ ಆ ಗಾಳಿ ಇಲ್ಲ," ಎಂದರು ಯಜಮಾನರು.

"ಯಾವ ಗಾಳಿ ಸ್ವಾಮಿ? ಗೊರಗೊರ ಅಂತದಲ್ಲ, ಅದಾ?"

"ಅದೇ. ಆ ಗೊರಗೊರ ಎಲ್ಲಿ ಸಿಗುತ್ತೆ ಈಗ?"

"ಬಿರುಕು ಬೇರೆ ಬಿಟ್ಟೈತೆ."

"ಬಿರುಕಿಲ್ಲದ ಅಸಲಿಯನ್ನ ನಂಬಬೇಡಿ. ನನಗೆ ಕೊಡಿ. ಒಳ್ಳೇ ಬೆಲೆ ಕೊಡ್ತೀನಿ."

"ಮನೇಲಿ ಕೇಳಕ್ಕಾ?"

ಯಜಮಾನರು ಕಿವಿ ಮುಚ್ಚಿಕೊಂಡರು. "ಛೆ! ಮುಳ್ಳು ತಾಗಿದರೆ ಸವೆದುಹೋಗುತ್ತೆ. ಇಡೋದಕ್ಕೆ. ಕೇಳೋದಕ್ಕೆ ಹೊಸದಿದೆಯಲ್ಲ!"

ಅಪ್ಪಯ್ಯಣ್ಣನವರು ಸಾರ್ವಜನಿಕ ಹಿತದ ವಿಷಯದಲ್ಲಿ ತಡ ಮಾಡುವವರಲ್ಲ. ಮುಂದಿನ ಸಭೆಯಲ್ಲಿಯೇ ಸದರಿ ಪ್ಲೇಟು ಹಳೆಯದಾಗಿ, ಗೊರಗೊರ ಶಬ್ದ ಮಾಡುತ್ತ, ಬಿರುಕು ಬಿಟ್ಟು, ಪಂಚಾಯ್ತಿಯ ಘನತೆಗೆ ಕುಂದು ತರುತ್ತಿದೆ ಎಂದು ಠರಾವಾಯಿತು. ಹರಾಜಿನ ನೋಟೀಸನ್ನು ಸಾರ್ವಜನಿಕರಿಗೆ ಕಾಣುವಂತೆ ಛತ್ರದ ಹಿಂಗೋಡೆಗೆ, ಚೇರ್ಮನ್ನರ ಹುಲ್ಲಿನ ಬಣವೆಯ ಮರೆಯಲ್ಲಿ ಅಂಟಿಸಲಾಯಿತು. ಹರಾಜಿಗೆ ಚೇರ್ಮನ್ನರ ಭಾವಮೈದುನ ಒಬ್ಬರೇ ಬಂದರು. ಬೇರೆಯವರು ಬಂದಿದ್ದರೆ ಯಾರೂ ಬೇಡವೆನ್ನುತ್ತಿರಲಿಲ್ಲ. ಹೀಗೆ ಅಸಲಿ ಪ್ಲೇಟು ರೇಷ್ಮೆ ಸೀರೆಯೊಂದರಲ್ಲಿ ಸುತ್ತಿಕೊಂಡು, ಬೆಂಗಳೂರಿನ ಯಜಮಾನರ ದಾರಿ ಕಾಯುತ್ತ, ಚೇರ್ಮನ್ನರ ಮನೆಯ ಬೀರು ಸೇರಿತು. ಛತ್ರಕ್ಕೆ ಹೊಸ ಅಚ್ಚಿನ ಪ್ಲೇಟು ಬಂತು. ಅದು ಹಳೆಯದಕ್ಕಿಂತ ಅಗಲ, ಬಿದ್ದರೂ ಮುರಿಯದು, ಒಂದೇ ಮಗ್ಗುಲಲ್ಲಿ ಹಲವು ಹಾಡು. ಹಾಕಿ ಕೇಳುವ ಅಗತ್ಯ ಯಾರಿಗೂ ಕಾಣಲಿಲ್ಲ, ಏಕೆಂದರೆ ಅದು ಹೊಸದು.

ಹೊಸ ಪ್ಲೇಟಿನ ಮೊದಲ ಮದುವೆ ಗಂಗಲಕ್ಷ್ಮಮ್ಮನವರ ಹಿರಿಯ ಮಗಳು ಮುತ್ಯಾಲಮ್ಮನದು. ಗಂಗಲಕ್ಷ್ಮಮ್ಮನವರು ಗಂಡ ತೀರಿಕೊಂಡ ಮೇಲೆ ಬೇಸಾಯ ಮಾಡಿಸಿಕೊಂಡು ಇಬ್ಬರು ಹೆಣ್ಣುಮಕ್ಕಳನ್ನು ಬೆಳೆಸಿದವರು. ಈ ಮದುವೆ ಕೆಟ್ಟರೆ ಚಿಕ್ಕವಳಿಗೂ ಗಂಡು ಸಿಗುವುದಿಲ್ಲವೆಂದು ಅವರಿಗೆ ಗೊತ್ತಿತ್ತು. ಗಂಡು ರಾಮಾಂಜಿನಪ್ಪ, ದೊಡ್ಡಬಳ್ಳಾಪುರದಲ್ಲಿ ಮಗ್ಗದ ಕೆಲಸ. ದಿನವೆಲ್ಲ ನೂಲಿಗೆ ಗಂಟು ಹಾಕುವವನಾದ್ದರಿಂದ ತಾಳಿಯ ವಿಷಯದಲ್ಲಿ ಯಾರಿಗೂ ಆತಂಕವಿರಲಿಲ್ಲ. ಆದರೆ ಗಂಟಿನ ಬೆಲೆ ಬಲ್ಲವನು ಆತುರಪಡುವುದಿಲ್ಲ. ಮೊದಲನೆಯ ಗಂಟನ್ನು ಹಾಕಿ, ಎಳೆದು ನೋಡಿ, ತೃಪ್ತಿಪಟ್ಟ. ಎರಡನೆಯದನ್ನೂ ಎಳೆದು ನೋಡಿದ. ಅಷ್ಟರಲ್ಲಿ ಹೊಸ ಪ್ಲೇಟಿನ ಗಟ್ಟಿಮೇಳ ಎಲ್ಲಿಯೂ ಸಿಕ್ಕಿಕೊಳ್ಳದೆ ಸಲೀಸಾಗಿ ಮುಗಿಯಿತು.

ಕಂಪನಿಯವರು ಜಾಗ ಉಳಿಯಿತೆಂದು ಓಲಗದ ಪಕ್ಕದಲ್ಲಿಯೇ ಹಳೆಯ ನಾಟಕದ ಹಾಡೊಂದನ್ನು ಸೇರಿಸಿದ್ದರು. ಗಂಡನ ಶವದ ಮುಂದೆ ಕೂತ ಹೆಂಗಸಿನ ಹಾಡು. ಹುಣಿಸೇಮರಕ್ಕೆ ಕಟ್ಟಿದ್ದ ಹಾರನ್ನಿನಿಂದ ಅದು ಊರಿಗೆಲ್ಲ ಕೇಳಿಸಿತು: "ಎನ್ನ ತೊರೆದು ಪೋದೆಯಾ ಒಡೆಯಾ..." ಹೊಲದಲ್ಲಿದ್ದವರು ಗುದ್ದಲಿ ಇಟ್ಟು, ಯಾರು ಹೋದರೆಂದು ಕೇಳಿಕೊಂಡು ಬಂದರು.

"ನಿಲ್ಸಲೇ ರಾಮಾಂಜಿ!" ಎಂದು ಗಂಡಿನ ದೊಡ್ಡಪ್ಪ ವೆಂಕಟರಾಯಪ್ಪ ಎದ್ದುನಿಂತರು. "ಬಿಡು ಆ ದಾರಾನ!"

"ಬಿಟ್ರೆ ಸಡ್ಲ ಆಯ್ತದೆ ದೊಡ್ಡಪ್ಪಾ."

"ಹಂಗಾರೆ ಹಿಡ್ಕಂಡಿರು. ಕಟ್ಟಬೇಡ, ಬಿಡ್ಲೂಬೇಡ."

ರಾಮಾಂಜಿನಪ್ಪ ಮುತ್ಯಾಲಮ್ಮನ ಕತ್ತಿನ ಹಿಂದೆ ದಾರದ ಎರಡು ತುದಿ ಹಿಡಿದುಕೊಂಡು ಕೂತ. ಚಿನ್ನಸ್ವಾಮಿ ಮುಳ್ಳು ಎತ್ತಿದ. ಪಂಚಾಯ್ತಿಯ ತುರ್ತು ಸಭೆಯನ್ನು ಹಸೆಮಣೆಯ ಪಕ್ಕದಲ್ಲಿಯೇ ಕರೆಯಲಾಯಿತು. ರಾಹುಕಾಲ ಹತ್ತಿರವಾಗುತ್ತಿದೆಯೆಂದು ಪುರೋಹಿತರು ನೆನಪಿಸಿದರು. ಸಭೆ ನಡೆಯುವ ಅವಧಿಯನ್ನು ಕಾಲವೆಂದು ಪರಿಗಣಿಸತಕ್ಕದ್ದಲ್ಲ ಎಂಬ ಠರಾವು ಮೊದಲು ಪಾಸಾಯಿತು. ಪುರೋಹಿತರು ಸಮಾಧಾನಗೊಂಡು ಎಲೆಯಡಿಕೆ ಹಾಕಿಕೊಂಡರು.

ಚೇರ್ಮನ್ನರು ಮಾತನಾಡಿ, ಮೂರರಲ್ಲಿ ಎರಡು ಗಂಟು ಬಿದ್ದಿರುವುದರಿಂದ ಮದುವೆಯು ಮೂರನೇ ಎರಡರ ಬಹುಮತದಿಂದ ಅಂಗೀಕಾರವಾಗಿದೆ ಎಂದು ಅಭಿಪ್ರಾಯಪಟ್ಟರು.

"ಇದೇನಯ್ಯಾ ಅವಿಶ್ವಾಸ ನಿರ್ಣಯಾನಾ?" ಎಂದರು ವೆಂಕಟರಾಯಪ್ಪ. "ನಮ್ಮ ಮನೇಗೆ ಪೂರ್ತಿ ಸೊಸೆ ಬೇಕು. ನಿಮ್ಮ ನಿಯಮದಾಗೆ ಏನೈತೆ ಓದಿ. ಮುಳ್ಳು ಸಿಕ್ಕಂಡಾಗ ಗಂಟು ಬೀಳಬೇಕು. ಎಲ್ಲಿ ಸಿಕ್ಕಂತು? ಹಳೇ ಪ್ಲೇಟು ತರ್ಸಿ. ಇಲ್ಲಾಂದ್ರೆ ಹುಡುಗನ್ನ ಎಬ್ಬಿಸ್ಕಂಡು ಹೋಗ್ತೀನಿ."

ಗಂಗಲಕ್ಷ್ಮಮ್ಮ ಚೇರ್ಮನ್ನರ ಮುಂದೆ ಸೆರಗೊಡ್ಡಿದರು. "ಅಣ್ಣಯ್ಯಾ, ನಿಮ್ಮ ಕಾಲಿಗೆ ಬೀಳ್ತೀನಿ, ಆ ಹಾಳು ಬಿರುಕಿಂದು ಕೊಟ್ಬಿಡಿ. ಎರಡು ಗಂಟಿನ ಮಗಳನ್ನ ಇಟ್ಕಂಡು ನಾನೇನು ಮಾಡ್ಲಿ?"

"ಪಂಚಾಯ್ತೀಲಿ ಇಲ್ಲವಲ್ಲಮ್ಮಾ. ಹರಾಜಾಗಿಹೋಯ್ತು," ಎಂದರು ಅಪ್ಪಯ್ಯಣ್ಣನವರು, ತಮ್ಮ ಮನೆಯ ಕಡೆಗೆ ನೋಡದೆ.

ಇಲ್ಲಿ ಸೆಕ್ರೆಟರಿ ನರಸಿಂಹಯ್ಯನವರು ಕನ್ನಡಕ ಏರಿಸಿಕೊಂಡರು. ಅವರು ಮೊದಲು ತಾಲ್ಲೂಕು ಕಚೇರಿಯ ನಕಲು ವಿಭಾಗದಲ್ಲಿ ಇದ್ದವರು. "ಹೊಸ ಪ್ಲೇಟು ಹಳೆಯದರ ನಕಲು ಹೌದೋ ಅಲ್ಲವೋ? ಹೌದು. ನಕಲನ್ನು ಅಸಲಿನೊಂದಿಗೆ ತಾಳೆ ನೋಡಿ ದೃಢೀಕರಿಸಿದ್ದೀರಾ? ಇಲ್ಲ. ತಾಳೆ ನೋಡದ ನಕಲಿಗೆ ಕಟ್ಟಿದ ತಾಳಿಯ ಬಗ್ಗೆ ನಾನು ಏನನ್ನೂ ಹೇಳಲಾರೆ. ಅಸಲನ್ನು ಹಾಜರುಪಡಿಸಿ."

ನಿಯಮ ಹೀಗೆ ಎದುರು ನಿಂತ ಮೇಲೆ ಚೇರ್ಮನ್ನರು ಏನೂ ಮಾಡುವಂತಿರಲಿಲ್ಲ. ತಮ್ಮ ಭಾವಮೈದುನನ ಮೂಲಕ ಬೀರುವಿನಿಂದ ಪ್ಲೇಟು ತರಿಸಿದರು. ಆದರೆ ಸ್ಪಷ್ಟವಾದ ಷರತ್ತು ಹಾಕಿದರು: ಮುಳ್ಳು ತಾಗಬಾರದು. ಮುಳ್ಳು ತಾಗಿದರೆ ಅಸಲಿಯ ಬೆಲೆ ಇಳಿಯುತ್ತದೆ. ಅಸಲಿಯನ್ನು ಕೇಳುವುದು ಅಸಲಿಗೆ ಮಾಡುವ ಅವಮಾನವೆಂದು ಬೆಂಗಳೂರಿನವರೇ ಹೇಳಿದ್ದಾರೆ.

"ಪರವಾಗಿಲ್ಲ. ತಾಳೆ ನೋಡೋದು ಕಣ್ಣಿನ ಕೆಲಸ," ಎಂದರು ಸೆಕ್ರೆಟರಿ.

ಈ ನಡುವೆ ಹಸೆಮಣೆಯ ಮೇಲೆ ಕೂತಿದ್ದವರು ಮೊದಲ ಬಾರಿಗೆ ಪರಸ್ಪರ ಮಾತನಾಡಿದರೆಂದು ವರದಿಯಾಗಿದೆ.

"ಕತ್ತು ನೋಯ್ತದಾ?" ಎಂದ ರಾಮಾಂಜಿನಪ್ಪ.

"ನಿಮ್ಮ ಕೈ ನೋಯಲ್ವಾ?"

"ನಂಗೆ ಅಭ್ಯಾಸ. ಮಗ್ಗದಾಗೆ ಎಳೆ ಕಿತ್ರೆ ಹಿಂಗೇ ಹಿಡ್ಕಂಡು ಕೂತಿರ್ತೀವಿ."

"ಕಿತ್ತಿಲ್ಲ ಅಲ್ವಾ?"

"ನಾನು ಹಿಡ್ಕಂಡ್ರೆ ಕೀಳಲ್ಲ."

ಮುತ್ಯಾಲಮ್ಮ ತಲೆ ಬಗ್ಗಿಸಿ ನಕ್ಕಿದ್ದನ್ನು ಸಭೆಯ ನಡವಳಿಕೆಯಲ್ಲಿ ದಾಖಲಿಸಿಲ್ಲ.

ಎರಡೂ ಪ್ಲೇಟುಗಳನ್ನು ಜಮಖಾನದ ಮೇಲೆ ಇಡಲಾಯಿತು. ಎರಡೂ ಕಪ್ಪು, ಎರಡೂ ಗುಂಡು, ಎರಡಕ್ಕೂ ನಡುವೆ ತೂತು. ಇಷ್ಟರಮಟ್ಟಿಗೆ ತಾಳೆಯಾಯಿತು. ಆದರೆ ಅಸಲಿನಲ್ಲಿ ಬಿರುಕಿತ್ತು, ನಕಲಿನಲ್ಲಿ ಇರಲಿಲ್ಲ.

"ಸಿಕ್ಕಿತು ದೋಷ!" ಎಂದರು ನರಸಿಂಹಯ್ಯನವರು. "ಅಸಲಿನಲ್ಲಿರುವ ತಪ್ಪು ನಕಲಿನಲ್ಲೂ ಇರತಕ್ಕದ್ದು. ಪಹಣಿಯಲ್ಲಿ ಮುನಿತಾಯಮ್ಮ ಎಂಬಾಕೆಯನ್ನು ಮುನಿತಾಯಪ್ಪ ಎಂದು ಬರೆದಿದ್ದರೆ, ನಕಲಿನಲ್ಲಿಯೂ ಆಕೆ ಗಂಡಸೇ. ತಿದ್ದುವುದಕ್ಕೆ ನಾವು ಯಾರು? ಚಿನ್ನಸ್ವಾಮಿ, ನಕಲಿಗೆ ಬಿರುಕು ಹಾಕು."

"ಸ್ವಾಮಿ, ಇದು ಪ್ಲಾಸ್ಟಿಕ್ಕು, ಬಿರುಕು ಬಿಡಲ್ಲ. ಗೀರು ಬೇಕಾದ್ರೆ ಹಾಕ್ಬೋದು."

ಬಿರುಕಿಗೆ ಬದಲಾಗಿ ಗೀರು ಎಂದು ತಿದ್ದುಪಡಿ ಮಾಡಲಾಯಿತು. ತಾಂಬೂಲದ ತಟ್ಟೆಯಿಂದ ಅಡಕತ್ತರಿ ತಂದರು. ಗೀರು ಎಲ್ಲಿ ಬೀಳಬೇಕೆಂಬುದರಲ್ಲಿ ಊಹಾಪೋಹಕ್ಕೆ ಎಡೆಯಿರಬಾರದೆಂದು ಸೆಕ್ರೆಟರಿಗಳು ಸ್ವತಃ ಹಳೇ ಪ್ಲೇಟನ್ನು ಹೊಸದರ ಮೇಲೆ ತೂತಿಗೆ ತೂತು ಸೇರಿಸಿ ಇಟ್ಟು, ಬಿರುಕಿನ ಜಾಗವನ್ನು ಸುಣ್ಣದಿಂದ ಗುರುತು ಮಾಡಿಕೊಟ್ಟರು. ಹಳೆಯದು ಚಿಕ್ಕದು, ಹೊಸದು ಅಗಲ ಎಂಬುದು ಎಲ್ಲರಿಗೂ ಕಾಣುತ್ತಿತ್ತು. ಆದರೆ ಅದು ಸಭೆಯ ಮುಂದಿದ್ದ ವಿಷಯವಾಗಿರಲಿಲ್ಲ. ಚಿನ್ನಸ್ವಾಮಿ ಗುರುತಿನ ಮೇಲೆ ಗೀರಿದ. "ತಾಳೆ ನೋಡಿದೆ, ಸರಿಯಿದೆ" ಎಂದು ಸೆಕ್ರೆಟರಿಗಳು ಪ್ಲೇಟಿನ ನಡುವಿನ ಕಾಗದದ ಮೇಲೆ ಸಹಿ ಮಾಡಿ ಮೊಹರು ಒತ್ತಿದರು.

ಪ್ಲೇಟು ತಿರುಗಿತು. ಗಟ್ಟಿಮೇಳ ಮೊದಲಿನಂತೆಯೇ ಸಲೀಸಾಗಿ ಮುಗಿದುಹೋಯಿತು. ನಾಟಕದ ಹೆಂಗಸು ಶುರು ಮಾಡಿದಳು. "ಎನ್ನ ತೊರೆದು ಪೋದೆಯಾ ಒಡೆಯಾ..." ಇಲ್ಲಿ ಗೀರು ಬಂತು. ಮುಳ್ಳು ಸಿಕ್ಕಿಕೊಂಡಿತು.

"ಒಡೆಯಾ... ಒಡೆಯಾ... ಒಡೆಯಾ..."

"ಸಿಕ್ಕಿಕೊಂಡಿದೆ! ನಿಯಮದ ಪ್ರಕಾರ ಗಂಟು ಬೀಳಬಹುದು," ಎಂದು ಸೆಕ್ರೆಟರಿಗಳು ಘೋಷಿಸಿದರು. ಯಾವ ಹಾಡಿನಲ್ಲಿ ಸಿಕ್ಕಿಕೊಳ್ಳಬೇಕೆಂದು ನಿಯಮ ಹೇಳಿರಲಿಲ್ಲ.

ವೆಂಕಟರಾಯಪ್ಪ ಹೆಗಲ ಮೇಲಿನ ಟವೆಲ್ ಒದರಿದರು. "ಗಂಡ ಸತ್ತೋಳ ಹಾಡಿಗೆ ತಾಳಿ ಕಟ್ಟಿಸ್ತೀರೇನ್ರೋ? ಏಳೋ ರಾಮಾಂಜಿ!"

ರಾಮಾಂಜಿನಪ್ಪ ಏಳಲಿಲ್ಲ, ಕಟ್ಟಲೂ ಇಲ್ಲ. ದೊಡ್ಡಪ್ಪನ ಮುಖ ನೋಡಿದ. ಗಂಗಲಕ್ಷ್ಮಮ್ಮ ಕಂಬ ಹಿಡಿದು ಕೂತುಬಿಟ್ಟರು. ಆಗ ಮುತ್ಯಾಲಮ್ಮ ತಲೆ ಎತ್ತದೆಯೇ ಹೇಳಿದಳು:

"ದೊಡ್ಡಪ್ಪಾ, ಮುಂಚೆ ಅಂದಿದ್ದು ಆಯ್ತು, ಮುಂದೆ ಅನ್ನೋದನ್ನ ಮುಳ್ಳು ಬಿಡ್ತಾ ಇಲ್ಲ. ಈಗ ಆಯಮ್ಮ ಒಡೆಯಾ ಒಡೆಯಾ ಅಂತ ಬರೀ ಗಂಡನ್ನ ಕರೀತಾವ್ಳೆ. ಮದ್ವೇಲಿ ಇನ್ಯಾರನ್ನ ಕರೀಬೇಕು?"

ವೆಂಕಟರಾಯಪ್ಪ ಒದರಿದ ಟವೆಲ್ಲನ್ನು ಮತ್ತೆ ಹೆಗಲಿಗೆ ಹಾಕಿಕೊಂಡರು. ಹಾರನ್ನು ಕರೆಯುತ್ತಲೇ ಇತ್ತು.

"ಒಡೆಯಾ... ಒಡೆಯಾ..."

"ಕರೀತಾವ್ಳಲ್ಲ, ಓಗೊಡ್ರಿ," ಎಂದಳು ಮುತ್ಯಾಲಮ್ಮ, ಈ ಸಲ ಹಿಂದೆ ದಾರ ಹಿಡಿದವನಿಗೆ.

"ಹ್ಞೂಂ," ಎಂದ ರಾಮಾಂಜಿನಪ್ಪ, ಮತ್ತು ಕಟ್ಟಿದ. ಕಟ್ಟಿ ಎಳೆದೂ ನೋಡಿದ.

ಗಂಗಲಕ್ಷ್ಮಮ್ಮನವರು ಜೋರಾಗಿ ಅತ್ತುಬಿಟ್ಟರು. ಅವರನ್ನು ನೋಡಿ ಹೆಂಗಸರೆಲ್ಲ ಅತ್ತರು. ಹಾಡೂ ಅದಕ್ಕೆ ಹೊಂದುವಂತಿದ್ದುದರಿಂದ ಕೊನೆಗೆ ವೆಂಕಟರಾಯಪ್ಪನವರೂ ಅದೇ ಟವೆಲ್‌ನಲ್ಲಿ ಕಣ್ಣೊರೆಸಿಕೊಂಡರು. ಹೆಣ್ಣು ಒಪ್ಪಿಸಿಕೊಡುವಾಗ ಸಂಜೆ ಅಳಬೇಕಾದದ್ದು ಬೆಳಿಗ್ಗೆಯೇ ಮುಗಿದು, ಊಟ ನಿರಾತಂಕವಾಗಿ ನಡೆಯಿತು. ಇದು ಪದ್ಧತಿಯ ಒಂದು ಅನುಕೂಲವೆಂದು ಸೆಕ್ರೆಟರಿಗಳು ಷರಾ ಬರೆದರು.

ಅಲ್ಲಿಂದಾಚೆಗೆ ಛತ್ರದ ಎಲ್ಲ ಮದುವೆಗಳೂ ದೃಢೀಕೃತ ಗೀರಿನ ಮೇಲೆಯೇ ನಡೆದವು. ಬೆಂಗಳೂರಿನ ಯಜಮಾನರು ಬಂದು ಅಸಲಿ ಪ್ಲೇಟನ್ನು ಕೊಂಡುಹೋದರು. ಮನೆಯಲ್ಲಿ ಗಾಜಿನ ಪೆಟ್ಟಿಗೆ ಮಾಡಿಸಿ ಇಟ್ಟಿದ್ದಾರೆ, ಕೇಳುವುದಿಲ್ಲ. ಅದನ್ನು ಕೊಂಡುಹೋಗುವಾಗ ಛತ್ರದಲ್ಲಿ ಹೊಸ ಪ್ಲೇಟು ಸಿಕ್ಕಿಕೊಂಡು ಕರೆಯುತ್ತಿದ್ದುದನ್ನು ಕೇಳಿ ನಿಂತು, ಇಂಥ ಪ್ರತಿ ಬೇರೆಲ್ಲೂ ಇಲ್ಲ, ಇದಕ್ಕೂ ಒಂದು ಬೆಲೆ ಹೇಳಿ ಎಂದರಂತೆ. ಚೇರ್ಮನ್ನರು ಬಣವೆಯ ಕಡೆ ನೋಡಿ, ಸ್ವಲ್ಪ ಹಳೆಯದಾಗಲಿ ಎಂದರು.

ಮರುವರ್ಷ ಗಂಗಲಕ್ಷ್ಮಮ್ಮನವರ ಚಿಕ್ಕ ಮಗಳ ಮದುವೆ ಗೊತ್ತಾಯಿತು. ಹಿಂದೆ ಆದ ತೊಂದರೆ ಮನಸ್ಸಿನಲ್ಲಿದ್ದ ಅಪ್ಪಯ್ಯಣ್ಣನವರು, ಪಂಚಾಯ್ತಿಯ ವತಿಯಿಂದ ನಿಜವಾದ ಓಲಗದವರನ್ನೇ ಕರೆಸಿಕೊಟ್ಟರು. ದೊಡ್ಡಬೆಳವಂಗಲದಿಂದ ಬಂದ ಅವರು ಡೋಲು ಬಿಗಿದು, ನಾಗಸ್ವರದ ಪೀಪಿ ನೆನೆಸಿಕೊಂಡು, ಗಟ್ಟಿಮೇಳಕ್ಕೆ ಸಿದ್ಧರಾಗಿ ಕೂತರು. ಗಂಗಲಕ್ಷ್ಮಮ್ಮ ಒಳಗಿನಿಂದ ಓಡಿಬಂದರು.

"ಅಯ್ಯಯ್ಯೋ, ಊದಬೇಡ್ರಪ್ಪಾ! ದೊಡ್ಡೋಳಿಗೆ ಅತ್ತು ಚಿಕ್ಕೋಳಿಗೆ ಅಳ್ದೆ ಹೋದ್ರೆ ಊರೋರು ಏನಂದಾರು? ಚಿನ್ನಸ್ವಾಮಿ, ಹಾಕಪ್ಪಾ ನಮ್ಮ ಪ್ಲೇಟು!"

ಇದು ನ್ಯಾಯವೆಂದು ಎರಡೂ ಕಡೆಯವರಿಗೆ ಕಂಡಿತು. ಓಲಗದವರು ವಾದ್ಯಗಳನ್ನು ಚೀಲಕ್ಕೆ ಹಾಕಿ, ಕರವಸ್ತ್ರ ತೆಗೆದು ಇಟ್ಟುಕೊಂಡು, ಹೆಂಗಸರ ಪಕ್ಕದಲ್ಲಿ ಅಳುವುದಕ್ಕೆ ಕೂತರು.