ಒಂದ ಟವೆಲ್ಲಿನ ದೋಸ್ತಿ

ನಾನು ಒಬ್ಬಾಂವ ಇದ್ದಾಗ ಏನೂ ಆಗೂದಿಲ್ಲ. ಎತ್ತು ನೋಡ್ತೇನಿ, ವ್ಯಾಪಾರ ಮಾಡಿಸ್ತೇನಿ, ಮನಿಗೆ ಬರ್ತೇನಿ. ಆ ಕುಪ್ಪೇಲೂರಿನ ದೋಸ್ತ ಬಾಜೂಕ ಬಂದು ಕುಂತ ಅಂದ್ರ ಮುಗೀತು, ಏನರೆ ಒಂದು ಆಗೇ ತೀರ್ತೈತಿ. ಹರೇದಿಂದ ಹಿಂಗ ನಡದೈತಿ, ಇನ್ನೂ ನಿಂತಿಲ್ಲ.

ನಾವಿಬ್ಬರೂ ದನದ ದಲ್ಲಾಳಿಗಳು. ನಂದು ಕರ್ಜಗಿ. ಹಾವೇರಿ ದನದ ಸಂತ್ಯಾಗ ನನ್ನಂಥಾ ದಲ್ಲಾಳಿ ಹಿಂದ ಹುಟ್ಟಿಲ್ಲ, ಮುಂದ ಹುಟ್ಟೂದಿಲ್ಲ. ಇದನ್ನ ನಾನ ಹೇಳಬೇಕಾಗೈತಿ, ಉಳದವ್ರು ಹೇಳೂದಿಲ್ಲ. ನಾ ಹಿಂಗಂದಾಗೆಲ್ಲಾ ಬಾಜೂಕ ಕುಂತ ಅಂವ "ಸುಳ್ಳು" ಅಂತಿದ್ದ. ಹೋದ ವರ್ಷ ಅವನ ಗಂಟಲಾಗ ಗಂಟಾತು, ಆ ಮಾತೂ ನಿಂತಿತು. ಅದರ ಸುದ್ದಿ ಆಮ್ಯಾಲೆ.

ಮಾಲಕ ಯಾರು?

ಸಂತ್ಯಾಗ ದನದ ರೇಟು ಬಾಯಿಲೆ ಹೇಳೂದಿಲ್ಲ. ಕೈಮ್ಯಾಲೆ ಟವೆಲ್ ಹಾಕ್ಕೊಂಡು, ಅದರ ಕೆಳಗ ಒಬ್ಬರ ಬೆರಳು ಒಬ್ಬರು ಹಿಡೀತೇವಿ. ಎಷ್ಟು ಬೆರಳು ಹಿಡದ್ರ ಅಷ್ಟು ರೇಟು. ಸುತ್ತ ನಿಂತ ಮಂದಿಗೆ ತಿಳೀಬಾರದು, ಅದಕ್ಕ.

ಹರೇದಾಗ ಒಂದಿನ ಹಾವೇರಿ ಸಂತ್ಯಾಗ ಒಂದು ಜೋಡಿ ಬಿಳೇ ಎತ್ತು ಕಂಡ್ವು. ಬಾಜೂಕ ಒಬ್ಬಾಂವ ಮೀಸಿ ತಿರುವಿಕೋತ ನಿಂತಿದ್ದ. ಟವೆಲ್ ಹಾಕಿ ಅವನ ನಾಕು ಬೆರಳು ಹಿಡದೆ. ಅಂವ ನನ್ನ ಮೂರು ಹಿಡದ. ಎಂಥಾ ದಡ್ಡ ಐತಿ ಇದು, ತನ್ನ ಎತ್ತಿನ ರೇಟು ತಾನ ಇಳಿಸಾಕತ್ತೈತಿ ಅಂತ ಒಳಗೊಳಗ ನಕ್ಕು, ನಾ ಎರಡಕ್ಕ ಬಂದೆ. ಅಂವ ಒಂದಕ್ಕ ಬಂದ. ನಾ ಅರ್ಧಾ ಬೆರಳು ಹಿಡದೆ. ಅಷ್ಟೊತ್ತಿಗೆ ಒಬ್ಬ ಮುದುಕ ಚಾ ಕುಡದು ಬಾಯಿ ಒರಿಸಿಕೋತ ಬಂದು, "ನನ್ನ ಎತ್ತಿಗೆ ಯಾರಪಾ ವ್ಯಾಪಾರ ಮಾಡಾಕತ್ತೀರಿ?" ಅಂದ.

ಆಗ ತಿಳೀತು. ನಾ ಅವನ್ನ ಮಾಲಕ ಅಂದ್ಕೊಂಡಿದ್ದೆ, ಅಂವ ನನ್ನ ಮಾಲಕ ಅಂದ್ಕೊಂಡಿದ್ದ. ಇಬ್ಬರೂ ಕೊಳ್ಳಾಕ ಬಂದವರು. ಇಂಥಾ ಲುಚ್ಚಾನ್ನ ಕೈ ಬಿಡಬಾರದು ಅಂತ ಅವತ್ತ ದೋಸ್ತಿ ಮಾಡಿದೆ. ಖರೇ ಹೇಳ್ತೇನಿ, ಆ ಮುದುಕ ಇನ್ನೊಂದು ಕಪ್ ಚಾ ಕುಡದಿದ್ರ ಎತ್ತು ನಮಗ ಪುಕ್ಕಟ ಬರ್ತಿದ್ವು.

ಬ್ಯಾಡಗಿ ಬೀಗರು

ದೋಸ್ತನ ಮಗಳಿಗೆ ಬ್ಯಾಡಗ್ಯಾಗ ವರ ಗೊತ್ತಾತು. ಹುಡುಗನ ಅಪ್ಪ ಮೆಣಸಿನಕಾಯಿ ವ್ಯಾಪಾರಿ. ಮನಿ ನೋಡಾಕ ನಾವಿಬ್ಬರೂ ಹೋದ್ವಿ. ಅವಲಕ್ಕಿ ಬಂತು, ಚಾ ಬಂತು, ಹುಡುಗ ಬಂದು ಕುಂತ. ನಮ್ಮ ಕೈಗೆ ರೂಢಿ ಬಿದ್ದೈತಲ್ಲ, ಟವೆಲ್ ತಾನ ಕೈಮ್ಯಾಲೆ ಬಂತು. ಕೆಳಗ ಹುಡುಗಗ ಐದಕ್ಕ ಎಷ್ಟು ಅಂತ ದೋಸ್ತ ಮೂರು ಬೆರಳು ಹಿಡದ, ನಾ ನಾಕು ಹಿಡದೆ. ಹುಡುಗನ್ನ ನೋಡಿದ್ದು ನಾನ ಬರೊಬ್ಬರಿ.

ಇಷ್ಟಕ್ಕ ಬಿಟ್ಟಿದ್ರ ಪಾಡಿತ್ತು. ದೋಸ್ತ ಮೈಮರತು, "ತಮ್ಮಾ, ಎದ್ದು ಒಂದ್ ಸುತ್ತು ನಡೀ ನೋಡೋಣು" ಅಂದ. ಹುಡುಗ ಪಾಪ ಎದ್ದು ನಡದ. ಇಂವ ಹಿಂದಿಂದ ಕಾಲು ನೋಡಿ, "ಹಲ್ಲು?" ಅಂದ. ಹುಡುಗ ಬಾಯೀನೂ ತಗದ.

ಸಂಬಂಧ ಮುರೀತು ಅಂತ ನಾ ಚಪ್ಪಲಿ ಹುಡುಕಾಕತ್ತಿದ್ದೆ. ಬೀಗರು ಮಾತ್ರ ಅಲ್ಲಾಡಲಿಲ್ಲ. "ನಾವೂ ಮೆಣಸಿನಕಾಯಿ ಮುರದು, ಮೂಸಿ, ಬಣ್ಣ ನೋಡಿ ತಗೋಳೂ ಮಂದಿರಿ. ಹಂಗಂತ ನಿಮ್ಮ ಮಗಳನ್ನ ಮೂಸಿದ್ವೇನು?" ಅಂದ್ರು.

ಮದುವಿ ಆತು. ಅಳಿಯ ಇವತ್ತಿಗೂ ಮಾವನ ಮುಂದ ಬಾಯಿ ತಗಿಯೂದಿಲ್ಲ.

ಮೊಣಕೈ

ಹೋದ ವರ್ಷ ರಾಣೆಬೆನ್ನೂರಾಗ ದೋಸ್ತನ ಗಂಟಲಿನ ಗಂಟು ತಗದ್ರು. ವರ್ಷಾನುಗಟ್ಟಲೆ ಸಂತ್ಯಾಗ ಗಿರಾಕಿ ಕರದು ಒದರಿದ್ದರ ಫಲ. ತಿಂಗಳ ತನಕ ಪಿಟಕ್ ಅನಬಾರದು, ಆಮ್ಯಾಲೂ ದನಿ ಬರ್ತೈತೋ ಇಲ್ಲೋ ಹೇಳಾಕ ಬರೂದಿಲ್ಲ ಅಂದ್ರು ಡಾಕ್ಟ್ರು.

ಹಿಂದಕ ನನ್ನ ಕಾಲು ಮುರದಾಗ ಈ ಮಗ ಮಳಿ ಅನ್ನಲಿಲ್ಲ, ಬಿಸಲು ಅನ್ನಲಿಲ್ಲ, ದಿನಾ ಕರ್ಜಗಿಗೆ ಬಂದು ನನ್ನ ದನಕ್ಕ ಮೇವು ಹಾಕಿ, ನನಗ ಬೈದು ಹೋಗ್ತಿದ್ದ. ಈಗ ನನ್ನ ಪಾಳಿ. ಬಸ್ ಬದಲಿ ಮಾಡಿಕೋತ ಕುಪ್ಪೇಲೂರಿಗೆ ಹೋಗ್ತಿದ್ದೆ. ಅವನ ಮನ್ಯಾಗ ದನ ಇರಲಿಲ್ಲ, ಬೈಗಳ ಅಷ್ಟ ಒಯ್ತಿದ್ದೆ. ತಿರುಗಿ ಬೈಯಾಕ ಅವಗ ಬರ್ತಿರಲಿಲ್ಲ. ಒಂದೆರಡು ದಿನ ಮಜಾ ಬಂತು, ಆಮ್ಯಾಲೆ ಬೈಗಳಕ್ಕ ರುಚೀನ ಇಲ್ಲದಂಗಾತು.

ಬರಿಯಾಕ ಇಬ್ಬರಿಗೂ ಅಷ್ಟಕ್ಕಷ್ಟ, ಟವೆಲ್ಲ ಗತಿ. ಅವನ ಹೇಣ್ತಿ, ನನಗ ತಂಗಿ ಇದ್ದಂಗ, ಏನು ಮಾಡ್ಲಿ ಊಟಕ್ಕ ಅಂತ ಕೇಳ್ತಿದ್ಲು. ಒಂದು ಬೆರಳು ಅಂದ್ರ ಗಂಜಿ, ಎರಡು ಅಂದ್ರ ಅನ್ನ-ಸಾರು ಅಂತ ನಾವು ಗೊತ್ತು ಮಾಡಿಕೊಂಡಿದ್ವಿ. ಒಂದಿನ ಅಂವ ಒಂದು ಬೆರಳು ಹಿಡದ. ನಾ, "ತಂಗೆವ್ವಾ, ಮಿರ್ಚಿ ಬಜಿ ಬೇಕಂತ ನೋಡು" ಅಂದೆ. ದೋಸ್ತ ನನ್ನ ಬೆರಳು ಮುರಿಯೂದೊಂದು ಬಾಕಿ.

ಬಜಿ ಬರಲಿಲ್ಲ, ಆಕಿ ಬಂದ್ಲು.

"ಅಣ್ಣಾ, ನಮ್ಮಪ್ಪನೂ ದನದ ದಲ್ಲಾಳಿ. ಟವೆಲ್ ಬೆರಳು ಮುಚ್ಚತೈತಿ, ಮೊಣಕೈ ಮುಚ್ಚತೈತೇನು? ಎಷ್ಟು ಬೆರಳು ಹಿಡದ್ರ ಮೊಣಕೈ ಎಷ್ಟು ಅಲ್ಲಾಡತೈತಿ ಅಂತ ಸಣ್ಣಾಕಿ ಇದ್ದಾಗ ಕಲತೇನಿ. ಇಷ್ಟು ವರ್ಷ ಈ ಮನ್ಯಾಗ ಉಂಡು ನನ್ನ ಸಾರಿಗೆ ಐದಕ್ಕ ಎರಡ ಬೆರಳು ಹಿಡೀತಿದ್ರಲ್ಲ, ಅದೂ ಗೊತ್ತೈತಿ."

ಉಂಡಾದ ಮ್ಯಾಲೆ ಆಕಿ ಸಾರು ಹೆಂಗಾಗಿತ್ತು ಅಂತ ಕೇಳಿದ್ರ ಬಾಯಿಲೆ "ಭಾರಿ ಆಗಿತ್ತು" ಅಂತಿದ್ವಿ, ಟವೆಲ್ಲಿನ ಕೆಳಗ ಐದಕ್ಕ ಎರಡು. ಹರೇದಿಂದ. ಅವತ್ತ ನಾ ಟವೆಲ್ ಮಡಚಿ ಹೆಗಲಿಗೆ ಹಾಕ್ಕೊಂಡು ಬಸ್ ಹಿಡದೆ.

ಒಂದ ಮಾತು

ತಿಂಗಳಾತು. ಮೂವರೂ ರಾಣೆಬೆನ್ನೂರಿಗೆ ಹೋದ್ವಿ. "ಒಂದು ಮಾತು ಆಡ್ರಿ ನೋಡೋಣು. ಒಂದ ಒಂದು, ಹೆಚ್ಚಿಗೆ ಬ್ಯಾಡ," ಅಂದ್ರು ಡಾಕ್ಟ್ರು.

ದೋಸ್ತ ಹೇಣ್ತಿ ಕಡೆ ನೋಡಿ ಬಾಯಿ ತಗದ. ಬರೇ ಗಾಳಿ ಬಂತು. ಮತ್ತ ತಗದ. ಅದೂ ಗಾಳಿ. ತಂಗೆವ್ವ ಸೆರಗಿನ ಚುಂಗು ಹಿಡಕೊಂಡು ನಿಂತಿದ್ಲು. ಟವೆಲ್ಲಿನ ಕೆಳಗ ಅವನ ಕೈ ನನ್ನ ಐದೂ ಬೆರಳು ಗಟ್ಟಿ ಹಿಡಕೊಂಡಿತ್ತು, ಅದು ಯಾವ ರೇಟೂ ಅಲ್ಲ. ನನಗ ತಡಕೊಳ್ಳಾಕ ಆಗಲಿಲ್ಲ. ಇಂಥಾ ಹೊತ್ತಿನ್ಯಾಗ ನನಗ ಬರೂದು ಒಂದ ಕೆಲಸ.

"ಡಾಕ್ಟ್ರ, ಇಂವಗ ವ್ಯಾಪಾರ ಕಲಿಸಿದಾಂವ ನಾನು. ಹಾವೇರಿ ಸಂತ್ಯಾಗ ಎತ್ತಿನ ಮಾಲಕ ನಾನ ಅಂತ ಇಂವ ಅಂದ್ಕೊಂಡ. ನಾ ಮಾತ್ರ ಮುಖ ನೋಡಿದ ಕೂಡ್ಲೆ ಇಂವ ಮಾಲಕ ಅಲ್ಲ ಅಂತ ಗುರ್ತು ಹಿಡದಿದ್ದೆ."

"ಸುಳ್ಳು."

ಎಣ್ಣಿ ಕಾಣದ ಗಾಲಿ ತಿರುಗಿದಂಗ ಬಂತು ದನಿ. ಆದ್ರ ಬಂತು. ಡಾಕ್ಟ್ರು ನಕ್ರು. ನನ್ನ ಕಣ್ಣಾಗ ಏನೋ ಕಸ ಬಿತ್ತು. ದವಾಖಾನಿ ಸ್ವಚ್ಛ ಇಡೂದಿಲ್ಲ ಇವರು.

ತಂಗೆವ್ವಂದೂ ಕಣ್ಣು ತುಂಬಿದ್ವು, ಸಿಟ್ಟೂ ಬಂದಿತ್ತು. "ತಿಂಗಳ ಪೂರ್ತಿ ಗಂಜಿ ಕಾಸಿದಾಕಿ ನಾನು. ಇದ್ದದ್ದು ಒಂದ ಮಾತು, ಅದನ್ನ ಈ ಅಣ್ಣಗ ಕೊಟ್ರೆಲಾ?" ಅಂತ ನಮ್ಮ ಕೈಮ್ಯಾಲಿನ ಟವೆಲ್ ಕಸಗೊಂಡ್ಲು.

ದೋಸ್ತಗ ಎರಡನೇ ಮಾತು ಆಡೂಹಂಗಿರಲಿಲ್ಲ. ಎಲ್ಲಾರ ಮುಂದ, ಟವೆಲ್ ಇಲ್ಲದ, ಆಕಿ ಕೈ ಹಿಡಕೊಂಡ. ಐದಕ್ಕ ಐದೂ ಬೆರಳು.

ಆಕಿ ಕೈ ಬಿಡಿಸಿಕೊಳ್ಳಲಿಲ್ಲ. ಬೆರಳು ನೋಡಿದ್ಲು, ನನ್ನ ಮಾರಿ ನೋಡಿದ್ಲು. "ಈಗ ಏರಸಾಕತ್ತಾರ ರೇಟು. ನಡೀರಿ ಮನಿಗೆ, ಇವತ್ತ ಇಬ್ಬರಿಗೂ ಗಂಜೀನ."